ಕಡವಿನಿಂದ ವಿಹಾರಕ್ಕೆ: ಕಾವೇರಿಯ ಹರಿಗೋಲು ನಡೆದು ಬಂದ ದಾರಿ

ಗುಂಡ್ಲುಪೇಟೆ, ಚಾಮರಾಜನಗರದ ಕಡೆಯವರಿಗೆ ನೀರೆಂದರೆ ಕೆರೆ, ಬಾವಿ, ಕೊಳವೆಬಾವಿ. ಮಳೆ ಬಂದಾಗ ಹರಿದು ಬೇಸಿಗೆಗೆ ಬತ್ತುವ ಹಳ್ಳಗಳ ಈ ಸೀಮೆಯಲ್ಲಿ ದೋಣಿಗೇನು ಕೆಲಸ? ಆದರೆ ಇದೇ ಜಿಲ್ಲೆಯ ಪೂರ್ವದಂಚಿನ ಚಿತ್ರವೇ ಬೇರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾದಪ್ಪನಿಗೆ ಕೈಮುಗಿದು, ಪಾಲಾರ್ ಕಡೆಗೆ ಘಟ್ಟ ಇಳಿದು, ಗೋಪಿನಾಥಂ ದಾಟಿ ಹೊಗೆನಕಲ್ ತಲುಪಿದರೆ ಎದುರಿಗೆ ಕಾವೇರಿ. ಈಚೆ ದಡ ಹನೂರು ತಾಲ್ಲೂಕು, ಆಚೆ ದಡ ತಮಿಳುನಾಡಿನ ಧರ್ಮಪುರಿ ಜಿಲ್ಲೆ. ಎರಡರ ನಡುವೆ ದಿನವಿಡೀ ಸುತ್ತುವುದು ಹರಿಗೋಲು ಎಂಬ ಗುಂಡು ದೋಣಿ.

ಹತ್ತಿ ಕೂತವರಿಗೆ ಅವಸರ ಮರೆತೇ ಹೋಗುತ್ತದೆ. ಮೊಣಕಾಲೂರಿ ಕೂತ ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಎರಡೂ ಕಡೆ ಗೋಡೆಯಂತೆ ಎದ್ದ ಬಂಡೆ. ಇಲ್ಲಿನ ಕಾರ್ಬೊನಟೈಟ್ ಶಿಲೆಗಳಿಗೆ ಸುಮಾರು 240 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಧುಮುಕುವ ನೀರಿನ ಸದ್ದು ಹಿಂದೆ ಸರಿದಂತೆ ಮಡುವಿನ ನೀರು ತಣ್ಣಗಾಗುತ್ತದೆ, ಮಾತೂ ತಗ್ಗುತ್ತದೆ.

ದೋಣಿ ಯಾಕೆ ಗುಂಡಗಿದೆ ಎಂಬುದಕ್ಕೆ ಈ ನದಿಯೇ ಉತ್ತರ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಪಕ್ಕದಲ್ಲೇ ಆಳ ಸಿಗದ ಮಡುವು, ನಡುನಡುವೆ ತಲೆಯೆತ್ತಿದ ಬಂಡೆ. ಅಡಿಗಟ್ಟು ಇರುವ ಉದ್ದನೆಯ ದೋಣಿ ಇಲ್ಲಿ ಸಿಕ್ಕಿಕೊಳ್ಳುತ್ತದೆ. ಚಪ್ಪಟೆ ತಳದ ಹರಿಗೋಲಾದರೆ ತೆಳು ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಗುಲಿದರೆ ತಿರುಗಿ ಪಕ್ಕಕ್ಕೆ ಜಾರುತ್ತದೆ. ಮುಂದೆ ದಾರಿಯೇ ಇಲ್ಲವೆಂದರೆ ಅಂಬಿಗ ಅದನ್ನು ತಲೆಯ ಮೇಲೆ ಕವುಚಿಕೊಂಡು ದಡದಲ್ಲಿ ನಡೆದುಬಿಡುತ್ತಾನೆ.

ಕಟ್ಟುವ ಬಗೆಯೂ ಸರಳ. ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಅಡ್ಡಡ್ಡ ಹಾಸಿ ಹೆಣೆಯುತ್ತಾರೆ. ಅಂಚನ್ನು ಮೇಲಕ್ಕೆ ಬಗ್ಗಿಸಿ, ಬಿದಿರಿನ ಬಳೆ ಸುತ್ತಿ ಬಿಗಿಯುತ್ತಾರೆ. ಹೊರಗಿನ ಹೊದಿಕೆಗೆ ಹಿಂದೆ ಚರ್ಮ; ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಕೈ ಪಳಗಿದವನಿಗೆ ಸುಮಾರು ಏಳೂವರೆ ಅಡಿ ಅಗಲದ ಹರಿಗೋಲಿಗೆ ಒಂದು ದಿನ ಸಾಕು.

ಈ ವಿದ್ಯೆ ತೀರಾ ಹಳೆಯದು. ಯೂಫ್ರಟಿಸ್ ನದಿಯಲ್ಲಿ ಚರ್ಮ ಹೊದಿಸಿದ ಗುಂಡು ದೋಣಿಗಳು ಬ್ಯಾಬಿಲೋನಿಗೆ ಸರಕು ತರುತ್ತಿದ್ದವು ಎಂದು ಕ್ರಿ.ಪೂ. 5ನೇ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ನಮ್ಮ ನಾಡಿನಲ್ಲಿ ಇದನ್ನು ಕಣ್ಣಾರೆ ಕಂಡು ದಾಖಲಿಸಿದವನು 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್. ತುಂಗಭದ್ರೆಯಲ್ಲಿ ಬುಟ್ಟಿಯಂಥ ದೋಣಿಗಳು ಹದಿನೈದಿಪ್ಪತ್ತು ಜನರನ್ನು, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದುದನ್ನು ಅವನು ವಿವರಿಸಿದ್ದಾನೆ. 1803ರ ಮರಾಠಾ ಯುದ್ಧದಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯ ಹೊಳೆ ದಾಟಲು ನೆಚ್ಚಿಕೊಂಡದ್ದೂ ಇವನ್ನೇ.

ಅದೇ ವೆಲ್ಲೆಸ್ಲಿಯ ಇಂಗ್ಲೆಂಡಿನಲ್ಲಿ ಜಲಸಾರಿಗೆ ಬೇರೆ ದಾರಿ ಹಿಡಿದಿತ್ತು. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ರೂಪಿಸಿದ ಬ್ರಿಜ್‌ವಾಟರ್ ಕಾಲುವೆಯಲ್ಲಿ 1761ರಿಂದ ಮ್ಯಾಂಚೆಸ್ಟರ್ ಕಡೆಗೆ ಕಲ್ಲಿದ್ದಲು ಸಾಗತೊಡಗಿತು. ಮುಂದೆ ತೋಡಿದ ಎಷ್ಟೋ ಕಾಲುವೆಗಳಲ್ಲಿ ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಳಿಸುವ ನೀರುಕಟ್ಟೆಗಳು (ಲಾಕ್) ಏಳಡಿ ಅಗಲಕ್ಕೆ ಸೀಮಿತವಾದವು. ದೋಣಿಗಳೂ ಅದಕ್ಕೆ ತಕ್ಕಂತೆ ಕಿರಿದಾಗಿ ಉದ್ದಕ್ಕೆ ಬೆಳೆದವು. ಅಲ್ಲಿ ದೋಣಿಗಾಗಿ ನೀರಿನ ದಾರಿ ತೋಡಿದರು. ನಮ್ಮಲ್ಲಿ ನೀರಿಗೆ ತಕ್ಕ ದೋಣಿ ಹೆಣೆದರು.

ಎರಡಕ್ಕೂ ಬಂದೊದಗಿದ ಸ್ಥಿತಿ ಮಾತ್ರ ಒಂದೇ. ರೈಲು, ಲಾರಿಗಳು ಬಂದ ಮೇಲೆ ಇಂಗ್ಲೆಂಡಿನ ಕಾಲುವೆಗಳು ಪಾಳು ಬಿದ್ದವು. 1944ರಲ್ಲಿ ಎಲ್.ಟಿ.ಸಿ. ರೋಲ್ಟ್ ತಮ್ಮ ದೋಣಿವಾಸದ ಬಗ್ಗೆ ಬರೆದ ಪುಸ್ತಕ ಜನರನ್ನು ಬಡಿದೆಬ್ಬಿಸಿತು; 1946ರಲ್ಲಿ ಕಾಲುವೆಗಳ ಉಳಿವಿಗೆಂದೇ ಸಂಘ ಹುಟ್ಟಿತು. ಇಂದು ಗಂಟೆಗೆ ಆರೂವರೆ ಕಿಲೊಮೀಟರ್ ಮೀರದ ಆ ಪಯಣಕ್ಕಾಗಿ ಜನ ರಜೆ ಹಾಕಿ ಹೋಗುತ್ತಾರೆ.

ನಮ್ಮ ಹೊಳೆಗಳ ಮೇಲೂ ಸೇತುವೆಗಳು ಬಂದವು. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲುಕಂಬದ ಸೇತುವೆಗಳಿಗೆ ಹೆಚ್ಚುಕಡಿಮೆ ಎರಡು ಶತಮಾನ. ಸೇತುವೆ ಎದ್ದ ಕಡೆಯಲ್ಲೆಲ್ಲ ಕಡವಿನ ಕೆಲಸ ಕರಗುತ್ತ ಬಂತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಅದರ ವಿಶಾಲ ಹಿನ್ನೀರಿನಲ್ಲಿ ಹರಿಗೋಲು ಮೀನುಗಾರರ ಬಲೆ ಹೊತ್ತಿತು. ಹೊಗೆನಕಲ್‌ನಲ್ಲಿ ಅದರ ಕೈಹಿಡಿದವರು ಪ್ರವಾಸಿಗರು.

ಆದರೆ ಕಾಲುವೆಯ ನೀರಿನಂತೆ ಕಾವೇರಿ ಒಂದೇ ಮಟ್ಟದಲ್ಲಿ ನಿಲ್ಲುವವಳಲ್ಲ. ಮುಂಗಾರಿನಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಟ್ಟರೆ ಇಲ್ಲಿ ಹರಿಗೋಲು ನಿಲ್ಲುತ್ತದೆ, ಅಂಬಿಗನ ದುಡಿಮೆಯೂ ನಿಲ್ಲುತ್ತದೆ. ಆ ನಿರ್ಬಂಧ ಜೀವದ ಪ್ರಶ್ನೆ. ಅಷ್ಟೇ ಮುಖ್ಯವಾದವು ಜೀವರಕ್ಷಕ ಜಾಕೆಟ್ ಮತ್ತು ಮಿತಿ ಮೀರದ ಜನ; ಜನ ಹೆಚ್ಚಾದ ಹರಿಗೋಲು ಮಗುಚಿ ಪ್ರಾಣ ಹೋದದ್ದುಂಟು.

ಬಿದಿರು, ಡಾಂಬರು ಎಲ್ಲೂ ಸಿಗುತ್ತವೆ. ಯಾವ ಬಂಡೆಯ ಮಗ್ಗುಲಲ್ಲಿ ಸುಳಿಯಿದೆ, ಸೆಳವು ಎಲ್ಲಿ ಬಿಗಿಯಾಗುತ್ತದೆ ಎಂಬ ಅರಿವು ಮಾತ್ರ ಇದೇ ನೀರಿನಲ್ಲಿ ವರ್ಷಗಟ್ಟಲೆ ಹುಟ್ಟು ಹಾಕಿದವರ ಕೈಯಲ್ಲಿದೆ. ಹೊಳೆ ತುಂಬಿದ ದಿನಗಳಲ್ಲೂ ಆ ಮನೆಗಳ ಒಲೆ ಉರಿಯುವ ಏರ್ಪಾಡಾದರೆ ಮಾತ್ರ ಮಕ್ಕಳು ಈ ಕಸುಬು ಕಲಿಯುತ್ತಾರೆ. ಹರಿಗೋಲು ಉಳಿಯಬೇಕೆಂದು ಬಯಸುವವರು ಮೊದಲು ಕೇಳಬೇಕಾದದ್ದು ಅದನ್ನೇ.