ಗುಲಾಬಿ ಬಾಂಬೆ ಮಿಠಾಯಿ ತಿಂದರೆ ಕ್ಯಾನ್ಸರ್ ಬರುತ್ತದೆಯೇ?

‘ಬಾಂಬೆ ಮಿಠಾಯಿ ತಿಂದರೆ ಕ್ಯಾನ್ಸರ್ ಗ್ಯಾರಂಟಿ’, ‘ಕರ್ನಾಟಕದಲ್ಲಿ ಗೋಬಿ ಮಂಚೂರಿ ಬ್ಯಾನ್’. ಇಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತಲೇ ಇರುತ್ತವೆ. ಬೆಳಗಾವಿಯ ರಾಮತೀರ್ಥ ನಗರವಿರಲಿ, ಬೇರೆ ಯಾವುದೇ ಊರಿರಲಿ, ಸಂಜೆ ಮಕ್ಕಳು ತಿಂಡಿ ಗಾಡಿ ಕಂಡು ಹಟ ಹಿಡಿದಾಗ ನಿಜವೇನೆಂದು ನಮಗೆ ಗೊತ್ತಿರಬೇಕು.

ನಿಷೇಧವಾದದ್ದು ಏನು?
2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ನಿಷೇಧ ಪ್ರಕಟಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ನಿಷೇಧವಾದದ್ದು ಗೋಬಿಯಲ್ಲ, ಅದಕ್ಕೆ ಬೆರೆಸುವ ಕೃತಕ ಬಣ್ಣ. ಬಣ್ಣ ಹಾಕದ ಬಿಳಿ ಮಿಠಾಯಿಗೂ ಅಡ್ಡಿಯಿಲ್ಲ.

ರೋಡಮೈನ್-ಬಿ ಎಂದರೇನು?
ಮಿಠಾಯಿಯಲ್ಲಿ ಸಿಕ್ಕ ಈ ಬಣ್ಣ ಬಟ್ಟೆ, ಕಾಗದಗಳಿಗೆ ಹಾಕುವಂಥದ್ದು. ಇದರ ಪುಡಿ ನೀರಿನಲ್ಲಿ ಸುಲಭವಾಗಿ ಕರಗಿ ಕಡು ಗುಲಾಬಿಯಾಗುತ್ತದೆ. ಹಸಿರು ಬೆಳಕು ಬಿದ್ದರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಈ ಹೊಳಪೇ ವಿಜ್ಞಾನಿಗಳಿಗೆ ಬೇಕಾದದ್ದು. ಕ್ಷಯರೋಗದ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಲು, ನೀರಿನ ಹರಿವಿನ ಜಾಡು ಹಿಡಿಯಲು, ಕೆಲವು ಲೇಸರ್‌ಗಳಲ್ಲಿಯೂ ಇದನ್ನು ಬಳಸುತ್ತಾರೆ. ಆದರೆ ಲ್ಯಾಬ್‌ನಲ್ಲಿ ಇದನ್ನು ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟುತ್ತಾರೆ. ಕಣ್ಣಿಗೆ ಬಿದ್ದರೆ ಗಂಭೀರ ಹಾನಿ, ನುಂಗಿದರೂ ಅಪಾಯ.

ಕ್ಯಾನ್ಸರ್ ಬರುತ್ತದೆಯೇ?
ಚುಚ್ಚುಮದ್ದಿನ ಮೂಲಕ ಕೊಟ್ಟಾಗ ಇಲಿಗಳಲ್ಲಿ ಗಡ್ಡೆಗಳು ಕಂಡಿವೆ. ಮನುಷ್ಯರ ವಿಷಯದಲ್ಲಿ ಪುರಾವೆ ಸಾಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 3ನೇ ಗುಂಪಿನಲ್ಲಿಟ್ಟಿದೆ. ಹಾಗಾಗಿ ‘ಗ್ಯಾರಂಟಿ’ ಎಂಬುದು ತಪ್ಪು. ಒಮ್ಮೆ ತಿಂದ ಮಗುವಿನ ಬಗ್ಗೆ ಗಾಬರಿ ಬೇಡ. ಹಾಗೆಂದು ‘ಪುರಾವೆ ಸಾಲದು’ ಎಂದರೆ ‘ತಿನ್ನಬಹುದು’ ಎಂದಲ್ಲ. ಭಾರತದಲ್ಲಿ ಆಹಾರಕ್ಕೆ ಅನುಮತಿಸಿದ ಬಣ್ಣಗಳ ಪಟ್ಟಿಯಲ್ಲಿ ರೋಡಮೈನ್-ಬಿ ಇಲ್ಲವೇ ಇಲ್ಲ. ಅದನ್ನು ತಿಂಡಿಗೆ ಒಂದು ಚಿಟಿಕೆ ಬೆರೆಸಿದರೂ ಅಪರಾಧ.

ನಾವೇನು ಮಾಡಬಹುದು?
ಬೆರಳಿಗೆ ಬಣ್ಣ ಅಂಟಿದ ಮಾತ್ರಕ್ಕೆ ರೋಡಮೈನ್ ಎನ್ನಲಾಗದು, ಬೀಟ್‌ರೂಟ್ ಕೂಡ ಅಂಟುತ್ತದೆ. ಲ್ಯಾಬ್ ಪರೀಕ್ಷೆಯಿಂದಲೇ ಖಚಿತವಾಗಬೇಕು. ಆದ್ದರಿಂದ ಮಿಠಾಯಿ ಬಿಳಿಯದನ್ನೇ ಕೇಳಿ, ಗೋಬಿಗೆ ಬಣ್ಣ ಹಾಕಬೇಡಿ ಎಂದು ಮೊದಲೇ ಹೇಳಿ. ಅನುಮಾನ ಬಂದರೆ ಗಾಡಿಯವರ ಫೋಟೋ ಗ್ರೂಪಿಗೆ ಹಾಕುವ ಬದಲು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಬಣ್ಣ ಬಳಸದೆ ದುಡಿಯುವವರ ಹೊಟ್ಟೆಪಾಡೂ ಆ ಒಂದು ಫಾರ್ವರ್ಡ್‌ನಿಂದ ಹಾಳಾಗಬಾರದು.