ಮಗು ಊಟ ಮಾಡುತ್ತಿಲ್ಲವೆ? ತಾಯಿಯನ್ನು ದೂರುವ ಮುನ್ನ...

ಚಿಕ್ಕ ಮಕ್ಕಳನ್ನು ವೈದ್ಯರ ಬಳಿ ಕರೆತರುವ ತಾಯಂದಿರಿಂದ ಜ್ವರ, ನೆಗಡಿಗಳಷ್ಟೇ ಪದೇ ಪದೇ ಕೇಳಿಬರುವ ಇನ್ನೊಂದು ದೂರಿದೆ. ‘ಡಾಕ್ಟ್ರೇ, ಮಗು ಏನೂ ತಿನ್ನೋದಿಲ್ಲ. ಹಸಿವಾಗೋಕೆ ಒಂದು ಟಾನಿಕ್ ಬರೆದುಕೊಡಿ.’ ಜೊತೆಗೆ ಬಂದ ಅತ್ತೆಯವರು ‘ಇವಳಿಗೆ ತಿನ್ನಿಸೋಕೇ ಬರೋದಿಲ್ಲ’ ಎಂದು ಒಂದು ಮಾತು ಸೇರಿಸುವುದೂ ಉಂಟು. ಅಷ್ಟು ಹೊತ್ತಿಗೆ ಮಗು ಸ್ಟೆತೊಸ್ಕೋಪನ್ನು ಎಳೆದಾಡಿ, ಕೋಣೆಯ ತುಂಬ ಓಡಾಡುತ್ತಿರುತ್ತದೆ. ತೂಕ ನೋಡಿದರೆ ವಯಸ್ಸಿಗೆ ತಕ್ಕಷ್ಟೇ ಇರುತ್ತದೆ. ಹಾಗಾದರೆ ತೊಂದರೆ ಎಲ್ಲಿದೆ?

ಎರಡನೆಯ ವರ್ಷದ ಲೆಕ್ಕ

ಹುಟ್ಟಿದಾಗ ೩ ಕಿಲೋ ಇದ್ದ ಮಗು ಐದು ತಿಂಗಳಿಗೆ ಸುಮಾರು ೬ ಕಿಲೋ, ವರ್ಷ ತುಂಬುವಾಗ ಸುಮಾರು ೯ ಕಿಲೋ ತೂಗುತ್ತದೆ. ಅಂದರೆ ಒಂದೇ ವರ್ಷದಲ್ಲಿ ಮೂರು ಪಟ್ಟು. ಇದೇ ವೇಗದಲ್ಲಿ ಬೆಳೆಯುತ್ತಾ ಹೋದರೆ ಮಗುವಿನ ಗತಿ ಏನಾದೀತು, ನೀವೇ ಯೋಚಿಸಿ! ಆದ್ದರಿಂದಲೇ ಪ್ರಕೃತಿ ಎರಡನೆಯ ವರ್ಷದಲ್ಲಿ ಈ ವೇಗಕ್ಕೆ ಕಡಿವಾಣ ಹಾಕುತ್ತದೆ. ಆ ವರ್ಷ ಹೆಚ್ಚುವ ತೂಕ ಎರಡರಿಂದ ಮೂರು ಕಿಲೋ ಮಾತ್ರ. ಅಲ್ಲಿಂದ ಶಾಲೆಗೆ ಸೇರುವವರೆಗೆ ವರ್ಷಕ್ಕೆ ಸುಮಾರು ೨ ಕಿಲೋ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಇದು ರೋಗವಲ್ಲ, ತಾಯಿಯ ತಪ್ಪೂ ಅಲ್ಲ.

ಇದೇ ವಯಸ್ಸಿನಲ್ಲಿ ಮಗು ನಡೆಯಲು ಕಲಿಯುತ್ತದೆ, ‘ಬೇಡ’ ಎನ್ನಲೂ ಕಲಿಯುತ್ತದೆ. ಅದಕ್ಕೆ ಊಟಕ್ಕಿಂತ ಬಾಗಿಲ ಬಳಿ ಓಡುವ ಬೆಕ್ಕಿನ ಮೇಲೆ ಹೆಚ್ಚು ಆಸಕ್ತಿ. ಇವತ್ತು ಎರಡು ಇಡ್ಲಿ ತಿಂದ ಮಗು ನಾಳೆ ಅರ್ಧ ಇಡ್ಲಿಗೇ ಮುಖ ತಿರುಗಿಸಬಹುದು. ಒಂದು ಹೊತ್ತಿನ ಊಟ ನೋಡಿ ಗಾಬರಿಯಾಗದೆ, ಒಂದು ವಾರದಲ್ಲಿ ಒಟ್ಟು ಎಷ್ಟು ತಿಂದಿತು ಎಂಬುದನ್ನು ಗಮನಿಸಿ.

ಬಲವಂತ ಬೇಡ

ಮೂಗು ಹಿಡಿದು, ಕಾಲಮೇಲೆ ಮಲಗಿಸಿ, ಅಳುವ ಬಾಯಿಗೆ ಅನ್ನ ತುರುಕುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಇದು ಅಪಾಯಕಾರಿ. ಅಳುವಾಗ ಆಹಾರ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಇಡಿಯ ಕಡಲೆಬೀಜ, ದ್ರಾಕ್ಷಿಯಂಥವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಹಾಗೆಯೇ ಕೊಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಮೊಬೈಲ್ ತೋರಿಸುತ್ತಾ ತಿನ್ನಿಸುವುದು ಈಗಿನ ಕಾಲದ ಬಲವಂತ. ಮಗು ಬಾಯಿ ತೆರೆಯುತ್ತದೆ ನಿಜ, ಆದರೆ ಹಸಿವು ಯಾವುದು, ಹೊಟ್ಟೆ ತುಂಬಿದ್ದು ಯಾವಾಗ ಎಂಬುದೇ ಅದಕ್ಕೆ ತಿಳಿಯುವುದಿಲ್ಲ.

ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ದೊಡ್ಡವರು ನಿರ್ಧರಿಸಿ. ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ. ಮನೆಯವರ ಜೊತೆ ಕೂರಿಸಿ, ಸ್ವಲ್ಪವೇ ಬಡಿಸಿ, ಕೈಯಾರೆ ಕಲಸಿ ಚೆಲ್ಲಲಿ ಬಿಡಿ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ. ಗದರಿಕೆಯೂ ಬೇಡ, ‘ತಿಂದರೆ ಚಾಕೊಲೇಟ್’ ಎಂಬ ಲಂಚವೂ ಬೇಡ. ಹೊಸ ತಿನಿಸನ್ನು ಮೊದಲ ದಿನ ಉಗುಳಿದರೆ ಕೈಬಿಡಬೇಡಿ. ನಾಲ್ಕಾರು ದಿನ ಬಿಟ್ಟು ಮತ್ತೆ ಕೊಡಿ. ಹತ್ತಾರು ಸಲ ಕಂಡ ಮೇಲೆ ಒಗ್ಗಿಕೊಳ್ಳುವ ಮಕ್ಕಳೂ ಇದ್ದಾರೆ.

ಹಾಲೇ ಊಟವಾದರೆ

ಏನೂ ತಿನ್ನದ ಮಗುವಿನ ದಿನಚರಿ ಕೇಳಿದರೆ ಹಲವು ಸಲ ಕಾರಣ ಅಲ್ಲಿಯೇ ಸಿಗುತ್ತದೆ. ಬೆಳಿಗ್ಗೆ ಒಂದು ಬಾಟಲಿ ಹಾಲು, ಹನ್ನೊಂದಕ್ಕೆ ಬಿಸ್ಕತ್ತು, ಅನ್ನ ತಿನ್ನಲಿಲ್ಲವೆಂದು ಮತ್ತೆ ಹಾಲು, ರಾತ್ರಿ ಮಲಗುವಾಗ ಇನ್ನೊಂದು ಬಾಟಲಿ. ಹೊಟ್ಟೆಯಲ್ಲಿ ಜಾಗವೆಲ್ಲಿದೆ? ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ವರ್ಷ ತುಂಬಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಎದೆಹಾಲನ್ನು ಮಾತ್ರ ಎರಡು ವರ್ಷದವರೆಗೂ, ಬೇಕಿದ್ದರೆ ಅನಂತರವೂ ಮುಂದುವರಿಸಬಹುದು.

ಹಾಲಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮಗು ಗುಂಡುಗುಂಡಗೆ ಕಂಡರೂ ರಕ್ತಹೀನವಾಗಿರಬಹುದು. ರಕ್ತಹೀನತೆ ಹಸಿವನ್ನು ಮತ್ತಷ್ಟು ಕುಗ್ಗಿಸುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ೬೭ ಮಕ್ಕಳಿಗೆ ರಕ್ತಹೀನತೆ ಇದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ಕಪಾಟಿನಲ್ಲಿ ಇಡಬೇಡಿ. ಅವರು ಹೇಳಿದಂತೆ ವಾರಕ್ಕೆ ಎರಡು ಸಲ ೧ ಮಿಲಿಲೀಟರ್ ಕುಡಿಸಿ. ಮಲ ಕಪ್ಪಾದರೆ ಹೆದರಬೇಕಿಲ್ಲ. ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ.

ತಟ್ಟೆಯಲ್ಲಿ ಏನಿರಲಿ?

ದುಬಾರಿ ಡಬ್ಬಿಗಳ ಅಗತ್ಯವಿಲ್ಲ. ಹಾಲಿಗೆ ಬೆರೆಸುವ ಪುಡಿಗಳಲ್ಲಿ ಅನೇಕವುಗಳ ತುಂಬ ಸಕ್ಕರೆಯಿರುತ್ತದೆ. ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ನಮ್ಮ ಆಹಾರ ಸುರಕ್ಷತಾ ಕಾಯಿದೆಯಲ್ಲಿಲ್ಲ. ಅಂಥ ಪಾನೀಯಗಳನ್ನು ಆ ಹೆಸರಿನಡಿ ಮಾರಬಾರದೆಂದು ೨೦೨೪ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ನಮ್ಮ ರಾಗಿಯನ್ನೇ ನೋಡಿ. ನೂರು ಗ್ರಾಂನಲ್ಲಿ ೩೦೦ ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಮೊಳಕೆ ಕಟ್ಟಿ ಹುರಿದ ರಾಗಿಹಿಟ್ಟಿನ ಸರಿ, ತುಪ್ಪ ಹಾಕಿದ ಹೆಸರುಬೇಳೆ ಅನ್ನ, ಸೊಪ್ಪಿನ ಹುಳಿ, ಕಡಲೆಬೀಜದ ಪುಡಿ, ಬಾಳೆಹಣ್ಣು, ತಿನ್ನುವವರಾದರೆ ಮೊಟ್ಟೆ, ಮೀನು ಇಷ್ಟು ಸಾಕು. ಕಾಳು ಸೊಪ್ಪುಗಳಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಚಹಾ ಅದಕ್ಕೆ ಅಡ್ಡಿ ಮಾಡುತ್ತದೆ, ಮಕ್ಕಳಿಗೆ ಬೇಡವೇ ಬೇಡ.

ವರ್ಷ ದಾಟಿದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಊಟ, ಪ್ರತಿ ಸಲ ಮುಕ್ಕಾಲರಿಂದ ಒಂದು ಬಟ್ಟಲು, ನಡುವೆ ಒಂದೆರಡು ಲಘು ತಿಂಡಿ ಸಾಕಾಗುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಎಲ್ಲ ‘ತಿನ್ನುವುದಿಲ್ಲ’ಗಳೂ ನಿರ್ಲಕ್ಷಿಸುವಂಥವಲ್ಲ. ತಾಯಿ ಕಾರ್ಡಿನ ತೂಕದ ಗೆರೆ ಎರಡು ಮೂರು ತಿಂಗಳು ಮೇಲೇರದೆ ನಿಂತಿದ್ದರೆ ಅಥವಾ ಇಳಿದಿದ್ದರೆ, ಅಂಗೈ ಬಿಳುಚಿದ್ದರೆ, ಮಗು ಮಣ್ಣು, ಬಳಪ ತಿನ್ನುತ್ತಿದ್ದರೆ, ಪದೇ ಪದೇ ಭೇದಿಯಾಗುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮು ಜ್ವರಗಳಿದ್ದರೆ, ಪಾದ ಊದಿಕೊಂಡಿದ್ದರೆ ಅಥವಾ ಆಟ ಬಿಟ್ಟು ಮಂಕಾಗಿ ಕುಳಿತಿದ್ದರೆ ತಡಮಾಡದೆ ತೋರಿಸಿ. ಹಸಿವಿನ ಟಾನಿಕ್ಕನ್ನು ಮಾತ್ರ ಅಂಗಡಿಯಿಂದ ನೀವೇ ಕೊಂಡು ಕುಡಿಸಬೇಡಿ. ಅವುಗಳಲ್ಲಿ ಕೆಲವು ಮಗುವನ್ನು ತೂಕಡಿಸುವಂತೆ ಮಾಡುತ್ತವೆ. ಮೂಲ ಕಾರಣವೂ ಪತ್ತೆಯಾಗದೆ ಉಳಿಯುತ್ತದೆ.

ತಾಯಿಯ ಊಟ ಯಾವಾಗ?

ಕೊನೆಗೆ ಮನೆಯ ಹಿರಿಯರಿಗೆ ಒಂದು ಮಾತು. ಮಗುವಿಗೆ ಒಂದು ಗಂಟೆ ತಿನ್ನಿಸಿ, ಎಲ್ಲರಿಗೂ ಬಡಿಸಿ, ಕಡೆಗೆ ತಣ್ಣಗಾದ ಸಾರನ್ನದ ಜೊತೆ ಮಗು ಬಿಟ್ಟಿದ್ದನ್ನೂ ಸೇರಿಸಿ ಉಣ್ಣುವವಳು ತಾಯಿ. ದಣಿದು, ಬೈಸಿಕೊಂಡು, ಅಳು ನುಂಗಿಕೊಂಡು ತಿನ್ನಿಸುವವಳ ಕೈತುತ್ತು ಮಗುವಿಗೂ ರುಚಿಸುವುದಿಲ್ಲ. ದಿನಕ್ಕೆ ಒಂದು ಹೊತ್ತು ತಂದೆಯೋ ಅಜ್ಜಿಯೋ ಮಗುವಿಗೆ ಉಣಿಸಲಿ, ಆ ಹೊತ್ತು ತಾಯಿ ಕುಳಿತು ಬಿಸಿ ಊಟ ಮಾಡಲಿ. ಇಂದು ರಾತ್ರಿಯಿಂದಲೇ ಇದನ್ನು ಆರಂಭಿಸಬಹುದು. ಇದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ.