ಕಾರ್ಮಿಕ ಸಂಘಗಳೂ ತಿಳಿವಳಿಕೆಯ ಕಾರ್ಯವೂ

ಕಾರ್ಮಿಕ ಸಂಘವೆಂದೊಡನೆ ಜನಸಾಮಾನ್ಯರ ಕಣ್ಣಮುಂದೆ ನಿಲ್ಲುವುದು ಮುಷ್ಕರ, ಮೆರವಣಿಗೆ, ಘೋಷಣೆಗಳ ಚಿತ್ರ. ಆದರೆ ಮುಷ್ಕರವು ಸಂಘದ ಬಾಳಿನಲ್ಲಿ ಅಪರೂಪಕ್ಕೊಮ್ಮೆ ಬರುವ ಪ್ರಸಂಗ. ಉಳಿದ ದಿನಗಳಲ್ಲಿ ಅದು ಮಾಡಬೇಕಾದ ಕೆಲಸವು ಸದ್ದಿಲ್ಲದ್ದು. ಪಗಾರದ ಲೆಕ್ಕ ಹೇಗೆ, ದಂಡ ಯಾವ ತಪ್ಪಿಗೆ, ರಜೆ ಎಷ್ಟು, ಕೆಲಸದ ಪದ್ಧತಿಯಲ್ಲಿ ಬರಲಿರುವ ಬದಲಾವಣೆ ಯಾವುದು, ಮಾಲೀಕರೊಡನೆ ನಡೆದ ಮಾತುಕತೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಪ್ರತಿಯೊಬ್ಬ ಸದಸ್ಯನಿಗೂ ಆತನಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುವುದೇ ಆ ಕೆಲಸ. ಇದು ಚೆನ್ನಾಗಿ ನಡೆದಲ್ಲಿ ಸಂಘವು ಬಲಗೊಂಡಿದೆ. ನಡೆಯದಿದ್ದಲ್ಲಿ ಸದಸ್ಯರ ಸಂಖ್ಯೆ ಎಷ್ಟಿದ್ದರೂ ಒಳಗೆ ಟೊಳ್ಳಾಗಿದೆ. ಮುಂಬಯಿ ಮತ್ತು ಅಹಮದಾಬಾದುಗಳ ಹತ್ತಿಗಿರಣಿಗಳ ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ.

ಮುಂಬಯಿಯ ಗಿರಣಿಗಳಲ್ಲಿ ಕೆಲಸಗಾರನನ್ನು ಸೇರಿಸಿಕೊಳ್ಳುವವನೂ ರಜೆ ಕೊಡುವವನೂ ತೆಗೆದುಹಾಕುವವನೂ ಬಹುಕಾಲ ಜಾಬರನೇ ಆಗಿದ್ದನು. ಮಾಲೀಕನ ಆಜ್ಞೆಯು ಕೆಲಸಗಾರನ ಕಿವಿಗೆ ಬೀಳುತ್ತಿದ್ದುದು ಅವನ ಬಾಯಿಂದ. ಹೀಗಾಗಿ ಗಿರಣಿಯ ನಿಯಮ ಯಾವುದು, ಜಾಬರನ ಸ್ವಂತ ಇಚ್ಛೆ ಯಾವುದು ಎಂಬ ಭೇದವು ತಿಳಿಯುತ್ತಿರಲಿಲ್ಲ. ನಿಯಮವನ್ನು ಅರಿಯದವನು ಪ್ರಶ್ನಿಸಲಾರನು. ಪ್ರಶ್ನಿಸಲಾರದವನು ಜಾಬರನಿಗೆ ದಸ್ತೂರಿ ಕೊಟ್ಟು ಕೆಲಸ ಉಳಿಸಿಕೊಳ್ಳಬೇಕಾಗಿದ್ದಿತು.

ಈ ಮೌನವನ್ನು ಮೊದಲು ಮುರಿದವರಲ್ಲಿ ಜ್ಯೋತಿರಾವ್ ಫುಲೆಯವರ ಸಹವರ್ತಿಗಳಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಮುಖ್ಯರು. 1880ರಲ್ಲಿ 'ದೀನಬಂಧು' ಪತ್ರಿಕೆಯ ಹೊಣೆಯನ್ನು ವಹಿಸಿಕೊಂಡ ಅವರು ಗಿರಣಿಗಾರರ ಸಂಕಟಗಳನ್ನು ಅಚ್ಚಿಗೆ ತಂದರು. 1884ರಲ್ಲಿ ಗಿರಣಿಗಾರರ ಸಭೆಗಳನ್ನು ಕರೆದು, ವಾರಕ್ಕೊಂದು ರಜೆ, ನಿಗದಿಯಾದ ಕೆಲಸದ ಅವಧಿ, ಸಕಾಲಕ್ಕೆ ಪಗಾರ ಮೊದಲಾದ ಬೇಡಿಕೆಗಳುಳ್ಳ ಮನವಿಗೆ ಸುಮಾರು 5,500 ಮಂದಿಯ ಸಹಿ ಪಡೆದರು. 1890ರ ಏಪ್ರಿಲಿನಲ್ಲಿ ಸುಮಾರು 10,000 ಗಿರಣಿಗಾರರು ನೆರೆದ ಸಭೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಮಾತನಾಡಿದರು. ಅದೇ ವರ್ಷ ಜೂನ್ ತಿಂಗಳಲ್ಲಿ ಮಾಲೀಕರು ಭಾನುವಾರದ ರಜೆಯನ್ನು ಒಪ್ಪಿಕೊಂಡರು. ಓದುಬಲ್ಲವರು ಕೆಲವರೇ ಇದ್ದ ಆ ಕಾಲದಲ್ಲಿ ಪತ್ರಿಕೆಯೊಂದರಿಂದಲೇ ಇದು ಸಾಧ್ಯವಾಗುತ್ತಿರಲಿಲ್ಲ. ಅಚ್ಚಾದುದನ್ನು ಸಭೆಯ ಮಾತಾಗಿ ಮಾಡಿದುದರಲ್ಲಿ ಲೋಖಂಡೆಯವರ ಹೆಚ್ಚಳವಿದೆ.

ಇದೇ ಮಾರ್ಗವು 1918ರ ಅಹಮದಾಬಾದಿನಲ್ಲಿ ಇನ್ನಷ್ಟು ಕ್ರಮಬದ್ಧವಾಗಿ ಬೆಳೆಯಿತು. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಬೋನಸನ್ನು ಮಾಲೀಕರು ನಿಲ್ಲಿಸಿದಾಗ ನೇಯ್ಗೆಯವರು ಕೂಲಿಯಲ್ಲಿ ಶೇಕಡ 50ರ ಹೆಚ್ಚಳವನ್ನು ಕೇಳಿದರು. ಮಾಲೀಕರು 20ಕ್ಕೆ ನಿಂತರು. ಗಾಂಧೀಜಿ ಮತ್ತು ಅವರ ಸಂಗಡಿಗರು ಬೆಲೆಗಳನ್ನೂ ಇತರ ಕಡೆಯ ಕೂಲಿಯನ್ನೂ ಪರಿಶೀಲಿಸಿ ಶೇಕಡ 35 ನ್ಯಾಯವಾದುದೆಂದು ನಿರ್ಣಯಿಸಿದರು. ಫೆಬ್ರವರಿ 26ರಿಂದ ಅನಸೂಯಾಬೆನ್ ಸಾರಾಭಾಯಿಯವರ ಹೆಸರಿನಲ್ಲಿ ಒಂದಾದಮೇಲೊಂದು ಕರಪತ್ರಗಳು ಹೊರಟವು. ಸಾಬರಮತಿಯ ದಂಡೆಯಲ್ಲಿ ಜಾಲಿಮರದ ಕೆಳಗೆ ಸಭೆ ನಡೆಯುತ್ತಿದ್ದಿತು. ಒಂದು ಪತ್ರದಲ್ಲಿ ಬೇಡಿಕೆಯ ಸ್ವರೂಪ, ಇನ್ನೊಂದರಲ್ಲಿ ಕೆಲಸವಿಲ್ಲದ ದಿನಗಳನ್ನು ಕಳೆಯುವ ಬಗೆ, ಮತ್ತೊಂದರಲ್ಲಿ ಮಾಲೀಕರ ವಾದಕ್ಕೆ ಉತ್ತರ, ಹೀಗೆ ವಿಷಯಗಳು ವಿಂಗಡವಾಗಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ತಾವು ಕೇಳಿದುದಕ್ಕಿಂತ ಕಡಿಮೆ ಮೊತ್ತಕ್ಕೆ ಒಪ್ಪಬೇಕೆಂಬ ಅಪ್ರಿಯ ಮಾತನ್ನೂ ಕೆಲಸಗಾರರಿಗೆ ಮುಚ್ಚಿಡದೆ ಹೇಳಲಾಯಿತು. ಕೊನೆಗೆ ಪಂಚಾಯಿತಿಯ ತೀರ್ಪು 35ನ್ನೇ ಎತ್ತಿಹಿಡಿಯಿತು. 1920ರಲ್ಲಿ ಸ್ಥಾಪಿತವಾದ ಮಜೂರ್ ಮಹಾಜನ ಸಂಘಕ್ಕೆ ಈ ನಂಬಿಕೆಯೇ ಬುನಾದಿಯಾಯಿತು.

ತಿಳಿವಳಿಕೆಯು ಮೇಲಿನಿಂದ ಕೆಳಕ್ಕೆ ಹರಿದರಷ್ಟೇ ಸಾಲದು. ಇಬ್ಬರ ಕೆಲಸವನ್ನು ಒಬ್ಬನಿಂದ ಮಾಡಿಸುವ, ಎರಡು ಮಗ್ಗಗಳ ಬದಲು ಮೂರನ್ನು ನೋಡಿಕೊಳ್ಳುವಂತೆ ಮಾಡುವ ಯೋಜನೆ ಬಂದಾಗ ಮುಂಬಯಿಯಲ್ಲಿ 1928ರ ಮಹಾಮುಷ್ಕರ ನಡೆಯಿತು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸಾಗಿದ ಆ ಹೋರಾಟದ ನಡುವೆ ಹುಟ್ಟಿದ ಗಿರಣಿ ಕಾಮಗಾರ್ ಯೂನಿಯನ್ ವರ್ಷದ ಕೊನೆಗೆ 50,000ಕ್ಕೂ ಮೀರಿದ ಸದಸ್ಯರನ್ನು ಪಡೆದಿದ್ದಿತು. ಗಿರಣಿಗೊಂದರಂತೆ ರಚಿತವಾದ ಸಮಿತಿಗಳು ಅದರ ಕಣ್ಣು ಕಿವಿಗಳಾಗಿದ್ದವು. ಯಾವ ಖಾತೆಯಲ್ಲಿ ಮಗ್ಗ ಹೆಚ್ಚಿಸಿದರು, ಯಾರಿಗೆ ದಂಡ ಬಿತ್ತು ಎಂಬುದು ಈ ಸಮಿತಿಗಳ ಮೂಲಕ ಸಂಘಕ್ಕೆ ತಲುಪುತ್ತಿದ್ದಿತು. ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಬಾಗಿಲಲ್ಲಿ ನಡೆಯುವ ಸಭೆಯಲ್ಲಿ ಸಂಘದ ಮಾತು ಕೆಲಸಗಾರರಿಗೆ ಮುಟ್ಟುತ್ತಿದ್ದಿತು.

ಕೆಲಸದ ನಿಯಮಗಳನ್ನು ಬರೆದು ತೋರಿಸಬೇಕೆಂಬ ತತ್ತ್ವವನ್ನು ಕಾಲಕ್ರಮದಲ್ಲಿ ಕಾಯಿದೆಯೂ ಅಂಗೀಕರಿಸಿತು. ಸ್ಥಾಯೀ ಆದೇಶಗಳನ್ನು ಕುರಿತ 1946ರ ಕೇಂದ್ರ ಕಾಯಿದೆಯು, ಅವುಗಳ ಪಾಠವನ್ನು ಬಹುಪಾಲು ಕೆಲಸಗಾರರು ಒಳಬರುವ ದಾರಿಯ ಹತ್ತಿರ ಫಲಕದ ಮೇಲೆ, ಇಂಗ್ಲಿಷಿನಲ್ಲಿಯೂ ಅವರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು ವಿಧಿಸಿತು. ಕಾರ್ಖಾನೆಗಳನ್ನು ಕುರಿತ 1948ರ ಕಾಯಿದೆಯ ಪ್ರಕಟಣೆಗಳಿಗೂ ಇದೇ ನಿಯಮವಿದ್ದಿತು. ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರಲ್ಲಿ ಆದ ತಿದ್ದುಪಡಿಯು, ಪಗಾರ, ಕೆಲಸದ ವೇಳೆ ಮೊದಲಾದ ವಿಷಯಗಳಲ್ಲಿ ಬದಲಾವಣೆ ತರುವ ಮುನ್ನ 21 ದಿನಗಳ ಸೂಚನೆ ಕೊಡಬೇಕೆಂದಿತು.

ಆದರೆ ಹೆಚ್ಚಿನವರ ಭಾಷೆ ಎಂಬ ಮಾತಿನಲ್ಲಿಯೇ ಒಂದು ಕೊರತೆ ಅಡಗಿದೆ. ಮುಂಬಯಿಯಂತಹ ನಗರದಲ್ಲಿ ಫಲಕದ ಭಾಷೆ ಮರಾಠಿಯಾದಾಗ, ಅದನ್ನು ಓದಲಾರದ ಕನ್ನಡ, ತೆಲುಗು, ಉರ್ದು ಮಾತಿನವರ ಪಾಲಿಗೆ ಅದು ಬರಿಯ ಹಲಗೆಯೇ. 21 ದಿನಗಳ ಸೂಚನೆಯನ್ನು ಇಪ್ಪತ್ತೆರಡನೆಯ ದಿನ ತಿಳಿದುಕೊಂಡವನಿಗೆ ಆಕ್ಷೇಪಿಸುವ ಕಾಲವೇ ಕಳೆದಿರುತ್ತದೆ. ಕಾಯಿದೆಯ ಸೂಚನೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಸಂಘದ ಕೆಲಸ ಆರಂಭವಾಗುತ್ತದೆ.

ಮುಂಬಯಿ ಕನ್ನಡಿಗರ ಅನುಭವವು ಇದಕ್ಕೆ ಇನ್ನೊಂದು ಮುಖವನ್ನು ಸೇರಿಸುತ್ತದೆ. ದಕ್ಷಿಣ ಕನ್ನಡದಿಂದ ಬಂದ ಸಹಸ್ರಾರು ತರುಣರು ದುಡಿದುದು ಹೋಟೆಲುಗಳಲ್ಲಿ. ಅಲ್ಲಿ ಮಾಲೀಕನೂ ಅನೇಕ ವೇಳೆ ಊರಿನವನೇ, ಭಾಷೆಯೂ ಒಂದೇ. ಆದರೆ ಒಂದೊಂದು ಹೋಟೆಲಿನಲ್ಲಿ ಕೆಲಸಗಾರರು ಕೆಲವರೇ; ಸಭೆ ಸೇರಲು ಗಿರಣಿಯಂತಹ ಬಾಗಿಲಿಲ್ಲ; ಊಟ ನಿದ್ದೆಗಳೂ ಕೆಲಸದ ಜಾಗದಲ್ಲಿಯೇ. 100 ಮಂದಿಗಿಂತ ಕಡಿಮೆ ಇರುವ ಸ್ಥಳಕ್ಕೆ 1946ರ ಕಾಯಿದೆಯು ಸಾಮಾನ್ಯವಾಗಿ ಅನ್ವಯಿಸುತ್ತಲೂ ಇರಲಿಲ್ಲ. ಕೆಲಸ ಮುಗಿಸಿದ ಹುಡುಗರು ಹೋಗುತ್ತಿದ್ದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಅಕ್ಷರವು ಅಂತಹವರಿಗೆ ಪಗಾರದ ಪುಸ್ತಕವನ್ನು ತಾವೇ ಓದುವ ಶಕ್ತಿಯನ್ನೂ ಕೊಟ್ಟಿತು. ಬಂದರಿನ ಕೆಲಸಗಾರರನ್ನು ಸಂಘಟಿಸಿದ ಪಿ. ಡಿಮೆಲ್ಲೊ ಅವರೂ, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಗೆ ಬಂದು ಹೋಟೆಲು ಮತ್ತು ಟ್ಯಾಕ್ಸಿ ನೌಕರರ ನಡುವೆ ದುಡಿದ ಜಾರ್ಜ್ ಫರ್ನಾಂಡಿಸರೂ ಕರಾವಳಿಯ ಮೂಲದವರೇ. ಫರ್ನಾಂಡಿಸರು ಮುಂಬಯಿಗೆ ಬರುವ ಹೊತ್ತಿಗೆ ಪತ್ರಿಕಾ ಸಂಪಾದನೆಯ ಅನುಭವ ಪಡೆದಿದ್ದರು; ನಿಂತುಹೋಗಿದ್ದ 'ಡಾಕ್‌ಮನ್' ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು 1952-53ರಲ್ಲಿ ಮತ್ತೆ ಹೊರತಂದರು.

ತಿಳಿಸುವ ಕರ್ತವ್ಯವನ್ನು ಕಾಯಿದೆಯ ಮಾನ್ಯತೆಯು ತುಂಬಿಕೊಡಲಾರದು ಎಂಬುದಕ್ಕೆ 1982 ನಿದರ್ಶನವಾಯಿತು. 1946ರ ಮುಂಬಯಿ ಕೈಗಾರಿಕಾ ಸಂಬಂಧ ಕಾಯಿದೆಯಂತೆ ಹತ್ತಿಗಿರಣಿಗಳಲ್ಲಿ ಮಾತುಕತೆಯಾಡುವ ಅಧಿಕಾರವು ಮಾನ್ಯತೆ ಪಡೆದ ಒಂದೇ ಸಂಘಕ್ಕೆ ಇದ್ದಿತು. ಆದರೆ ಆ ವರ್ಷದ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿಗಾರರು ಅದನ್ನು ಬಿಟ್ಟು ದತ್ತಾ ಸಾಮಂತರ ಕರೆಗೆ ಓಗೊಟ್ಟು ಹೊರಬಂದರು. ಆ ಮುಷ್ಕರವು ವಿಧಿವತ್ತಾಗಿ ಮುಗಿಯಲೇ ಇಲ್ಲ. ಅನೇಕರು ಊರುಗಳಿಗೆ ಮರಳಿದರು, ಸಹಸ್ರಾರು ಮಂದಿ ಕೆಲಸವನ್ನು ಕಳೆದುಕೊಂಡರು. ಸೋಲಿಗೆ ಕಾರಣಗಳು ಹಲವಿದ್ದರೂ ಒಂದು ಪಾಠ ಸ್ಪಷ್ಟವಾಗಿದೆ: ಸದಸ್ಯರ ಮನಸ್ಸನ್ನು ಅರಿಯದ ಸಂಘಕ್ಕೆ ಅಧಿಕಾರವಿದ್ದೂ ನಾಯಕತ್ವ ಉಳಿಯುವುದಿಲ್ಲ.

ಹಳೆಯ ಕಾಯಿದೆಗಳ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸ್ಥಾಯೀ ಆದೇಶಗಳು ಅನ್ವಯಿಸುವ ಮಿತಿ 100ರಿಂದ 300 ಕೆಲಸಗಾರರಿಗೆ ಏರಿದೆ. ಅಂದರೆ ಲಿಖಿತ ನಿಯಮದ ಆಸರೆಯಿಲ್ಲದ ಕೆಲಸಗಾರರ ವಲಯ ವಿಸ್ತಾರಗೊಂಡಿದೆ. ಇಂತಹ ಸಂದರ್ಭದಲ್ಲಿ ಸಂಘವೊಂದು ಮಾಡಬೇಕಾದುದೇನೆಂಬುದನ್ನು ಹಿಂದಿನ ಅನುಭವವೇ ಹೇಳುತ್ತದೆ. ಸುದ್ದಿಯು ಸಕಾಲಕ್ಕೆ ಮುಟ್ಟಬೇಕು. ಓದಲಾರದವನಿಗೆ ಓದಿ ಹೇಳಬೇಕು. ಪ್ರತಿಯೊಂದು ಭಾಷೆಯವರಲ್ಲಿಯೂ ಒಬ್ಬ ಪ್ರತಿನಿಧಿಯಿರಬೇಕು. ಚಂದಾ ಹಣದ ಲೆಕ್ಕವು ಸದಸ್ಯರ ಕಣ್ಣಿಗೆ ತೆರೆದಿರಬೇಕು. ಗೆಲುವಿನಂತೆ ಸೋಲನ್ನೂ ಹೇಳಬೇಕು. ಸಾಧನವು ಕರಪತ್ರವಾಗಲಿ, ಕೈಯಲ್ಲಿರುವ ದೂರವಾಣಿಯಾಗಲಿ, ಕೆಲಸಗಾರನು ತನ್ನ ಪಗಾರದ ಚೀಟಿಯನ್ನು ಹಿಡಿದು ಇದು ಹೀಗೇಕೆ ಎಂದು ಕೇಳಲು ಸಮರ್ಥನಾದನೇ ಎಂಬುದರಿಂದಲೇ ಅದರ ಸಾರ್ಥಕತೆಯನ್ನು ಅಳೆಯಬೇಕು.